ಒಂದೇ ರಾತ್ರಿಗೆ ಮಾಯದ ಗಾಯ

ಚೆನ್ನೆಮಣೆಯಲ್ಲಿ 14 ಗುಳಿ, ಗುಳಿಗೆ 4ರಂತೆ 56 ಕಾಯಿ. ಇಷ್ಟು ಮಾತ್ರ ಎಲ್ಲ ಮನೆಗಳಿಗೂ ಸಮಾನ. ಖಾಲಿ ಗುಳಿಯ ಆಚೆಗಿನ ಕಾಯಿ ಯಾರ ಪಾಲು, ಸೋತವರ ಗುಳಿಗಳನ್ನು ಮುಂದಿನ ಆಟಕ್ಕೆ ಮುಚ್ಚಬೇಕೋ ಬೇಡವೋ ಎಂಬ ವಿಚಾರಗಳಲ್ಲಿ ಉಡುಪಿ ಸೀಮೆಯ ಮನೆಮನೆಗೂ ಬೇರೆ ಬೇರೆ ಕಟ್ಟಳೆ. ಮದುವೆಯಾಗಿ ಬಂದ ಸೊಸೆ ತವರಿನ ಕಟ್ಟಳೆಯನ್ನೇ ಹಿಡಿದು ಅತ್ತೆಯೊಡನೆ ವಾದಕ್ಕಿಳಿದುದನ್ನು ಆಟಿ ತಿಂಗಳ ಮಧ್ಯಾಹ್ನಗಳಲ್ಲಿ ಕೇಳಿ ಬೆಳೆದವನು ನಾನು. ಆಟದ ಮೂಲನಿಯಮ ಎಲ್ಲಿಂದಲೋ ಬರುತ್ತದೆ. ಅದನ್ನು ತಮ್ಮದಾಗಿಸಿಕೊಳ್ಳುವವರು ಆಡುವವರು. ಈ ಮನೆಕಟ್ಟಳೆಗಳ ಬಗೆಗೆ ಮತ್ತೊಮ್ಮೆ ಯೋಚಿಸುವಂತೆ ಮಾಡಿದ್ದು ಮಾತ್ರ ಚೆನ್ನೆಮಣೆಯಲ್ಲ. ಅಮೆರಿಕದಿಂದ ಬಂದು ಮಣಿಪಾಲದ ಬಾಡಿಗೆಯ ಮಹಡಿಯೊಂದರಲ್ಲಿ ನೆಲೆಯೂರಿರುವ ಬೇರೊಂದು ಆಟ.

ನನ್ನ ತಂಗಿಯ ಮಗ ಅಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಅವನೂ ಅವನ ಐವರು ಗೆಳೆಯರೂ ಕಳೆದ ಎರಡು ಮಳೆಗಾಲಗಳಿಂದ ಭಾನುವಾರಗಳಂದು ಮೇಜಿನ ಸುತ್ತ ಕುಳಿತು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಡುತ್ತಾರೆ. ಪ್ರತಿಯೊಬ್ಬರೂ ಒಂದು ಪಾತ್ರವನ್ನು ವಹಿಸಿಕೊಳ್ಳುತ್ತಾರೆ. ಒಬ್ಬನು ನಿರ್ವಾಹಕ, ಅವನು ಸನ್ನಿವೇಶವನ್ನು ಬಣ್ಣಿಸುತ್ತಾನೆ, ಎದುರಾಗುವವರ ಮಾತನ್ನು ಆಡುತ್ತಾನೆ. ಉಳಿದವರು ತಮ್ಮ ಪಾತ್ರ ಏನು ಮಾಡುತ್ತದೆ, ಏನು ನುಡಿಯುತ್ತದೆ ಎಂಬುದನ್ನು ಹೇಳುತ್ತಾರೆ. ಮಾಡಹೊರಟದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು 20 ಮುಖಗಳ ದಾಳವೊಂದು ನಿರ್ಣಯಿಸುತ್ತದೆ. ವೇಷವಿಲ್ಲ, ರಂಗಸ್ಥಳವಿಲ್ಲ, ಮಾತಿನಲ್ಲೇ ಊರು, ಕಾಡು, ಯುದ್ಧ ಎಲ್ಲವೂ ನಿಲ್ಲಬೇಕು. ತಾಳಮದ್ದಳೆ ಕೇಳಿದ ಕರಾವಳಿಯವರಿಗೆ ಇಷ್ಟರಿಂದಲೇ ಅರ್ಥವಾಗಿರಬಹುದು.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಪ್ರಕಟಿಸಿದ ಆಟ ಇದು. ಅಂದಿನಿಂದಲೂ ಅದಕ್ಕೆ ಅಂಟಿಕೊಂಡು ಬಂದಿರುವ ಒಂದು ತಕರಾರು ಇದೆ: ಇದರಲ್ಲಿ ನಡೆಯುವುದು ನಿಜದಲ್ಲಿ ನಡೆಯುವಂತೆ ಇಲ್ಲ. ಪಾತ್ರವೊಂದರ ಜೀವಶಕ್ತಿಯನ್ನು ಒಂದು ಅಂಕಿಯಲ್ಲಿ ಬರೆದಿಡುತ್ತಾರೆ. ಕತ್ತಿಯೇಟು ತಗುಲಿದಾಗ ಅಂಕಿ ಇಳಿಯುತ್ತದೆ. ಅಂಕಿ ಸೊನ್ನೆಗೆ ಇಳಿಯುವವರೆಗೆ ಮನುಷ್ಯ ಓಡುತ್ತಾನೆ, ಜಿಗಿಯುತ್ತಾನೆ, ಕಾದುತ್ತಾನೆ. ಮೈಯಲ್ಲಿ ಒಂದು ಗೀರೂ ಬೀಳದವನಂತೆ. 2014ರಲ್ಲಿ ಬಂದ ಐದನೆಯ ಆವೃತ್ತಿಯ ಪ್ರಕಾರ 8 ತಾಸಿನ ವಿಶ್ರಾಂತಿ ದೊರೆತರೆ ಕಳೆದುಕೊಂಡ ಜೀವಾಂಕಗಳೆಲ್ಲ ಮರಳಿ ಬರುತ್ತವೆ. ಸಂಜೆ ಈಟಿಯಿಂದ ತಿವಿಸಿಕೊಂಡವನು ಬೆಳಿಗ್ಗೆ ಎದ್ದು ಗಂಜಿ ಕುಡಿದು ಬೆಟ್ಟ ಹತ್ತಬಹುದು. ಬೇಸರಗೊಂಡವರಿಗಾಗಿ ಅದೇ ವರ್ಷದ ನಿರ್ವಾಹಕರ ಕೈಪಿಡಿಯಲ್ಲಿ ಒಂದು ಪರ್ಯಾಯವನ್ನೂ ಕೊಟ್ಟಿದ್ದಾರೆ: 8 ತಾಸಿನ ಜಾಗದಲ್ಲಿ 7 ದಿನ. ವಾರದಲ್ಲಿ ಎಲ್ಲ ಗಾಯವೂ ಮಾಯುತ್ತದೆಂಬುದು ಅಲ್ಲಿನ 'ಕಠೋರ ವಾಸ್ತವ'!

ಈ ಜಗಳ ಆಟಕ್ಕಿಂತಲೂ ಹಳೆಯದು. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಸ್ ಸೈನಿಕರ ತರಬೇತಿಗಾಗಿ ಭೂಪಟ, ದಾಳ ಮತ್ತು ಕೋಷ್ಟಕಗಳ ಯುದ್ಧದಾಟವನ್ನು ಸಿದ್ಧಪಡಿಸಿದ. ಎಷ್ಟು ಹೆಜ್ಜೆ ದೂರದಿಂದ ಹೊಡೆದರೆ ಎಷ್ಟು ಮಂದಿ ಬೀಳುತ್ತಾರೆ ಎಂಬುದೆಲ್ಲ ಅದರಲ್ಲಿತ್ತು. ಕೋಷ್ಟಕಗಳು ಬೆಳೆಯುತ್ತಾ ಹೋಗಿ ಆಟ ಎಷ್ಟು ಜಡವಾಯಿತೆಂದರೆ, 1876ರಲ್ಲಿ ವೆರ್ದಿ ದು ವೆರ್ನುವಾ ಎಂಬ ಅಧಿಕಾರಿ ಅವನ್ನೆಲ್ಲ ಬದಿಗಿಟ್ಟು, ಯುದ್ಧವನ್ನು ಕಂಡ ಹಿರಿಯನೊಬ್ಬ ತೀರ್ಪುಗಾರನಾಗಿ ಕುಳಿತು ತನ್ನ ಅನುಭವದಿಂದ ನಿರ್ಣಯಿಸಿದರೆ ಸಾಕು ಎಂದ. ನಿಜವನ್ನು ಕೋಷ್ಟಕದಲ್ಲಿ ಹಿಡಿಯಬೇಕೋ, ಬಲ್ಲವನ ವಿವೇಕಕ್ಕೆ ಬಿಡಬೇಕೋ? ನೂರು ವರ್ಷಗಳ ಬಳಿಕ ಅಮೆರಿಕದ ಹುಡುಗರೂ ಇದೇ ಪ್ರಶ್ನೆಯನ್ನು ಹಿಡಿದು ಎರಡು ಪಂಗಡವಾದರು. 1978ರ 'ರೂನ್‌ಕ್ವೆಸ್ಟ್' ಎಂಬ ಆಟದಲ್ಲಿ ತಲೆ, ತೋಳು, ಕಾಲುಗಳಿಗೆ ಬೇರೆ ಬೇರೆ ಅಂಕ. ಕಾಲಿಗೆ ಬಿದ್ದ ಏಟು ಕಾಲಿಗೇ. ಅದನ್ನು ರೂಪಿಸಿದ ಸ್ಟೀವ್ ಪೆರಿನ್ ಹಳೆಯ ಕಾಲದ ಕವಚ ತೊಟ್ಟು ಕಾದಾಡುವ ಹವ್ಯಾಸಿಗಳ ಕೂಟದಿಂದ ಬಂದವನು, ಆದ್ದರಿಂದ ಕವಚದ ಭಾರವೆಷ್ಟೆಂಬುದು ಅವನ ಹೆಗಲಿಗೆ ತಿಳಿದಿತ್ತು. ಗೈಗ್ಯಾಕ್ಸನಾದರೋ ಮರುವರ್ಷ ಪ್ರಕಟಿಸಿದ ಕೈಪಿಡಿಯಲ್ಲಿ, ವಾಸ್ತವದ ಅನುಕರಣೆ ತನ್ನ ಉದ್ದೇಶವೇ ಅಲ್ಲ, ಇದು ಮೊದಲು ಆಟವಾಗಿರಬೇಕು ಎಂಬ ನಿಲುವನ್ನು ಸ್ಪಷ್ಟಪಡಿಸಿದ.

ಮಣಿಪಾಲದ ಆರು ಮಂದಿ ವಾಸ್ತವದ ಪಕ್ಷ ಹಿಡಿದದ್ದು ಸಿದ್ಧಾಂತದಿಂದಲ್ಲ, ಸಂಕೋಚದಿಂದ. ಕಿಟಕಿಯ ಹೊರಗೆ ವರ್ಷಕ್ಕೆ 4,000 ಮಿಲಿಮೀಟರಿನ ಮಳೆ ಸುರಿಯುತ್ತಿರುವಾಗ ಒಳಗೆ ಕುಳಿತು ಹಿಮದ ಕಾಡು, ಓಕ್ ಮರ, ಕುದುರೆಯೇರಿದ ಸರದಾರ ಎಂದು ನುಡಿಯುವುದು ಅವರಿಗೇ ನಾಲಗೆಗೆ ಹತ್ತದಾಯಿತಂತೆ. ಹಾಗಾಗಿ ಕತೆಯನ್ನು ಇಲ್ಲಿಗೇ ತಂದರು. ಕಾರ್ಕಳದ ಬೆಟ್ಟದ ಮೇಲೆ ವೀರಪಾಂಡ್ಯನು 42 ಅಡಿಯ ಬಾಹುಬಲಿಯನ್ನು ನಿಲ್ಲಿಸಿದ್ದು 1432ರ ಫೆಬ್ರುವರಿಯಲ್ಲಿ. ಇವರ ಆಟ ನಡೆಯುವುದು ಅದರ ಹಿಂದಿನ ಮಳೆಗಾಲದಲ್ಲಿ. ಕಾಪುವಿನ ಕಡಲತಡಿಯಿಂದ ಶಿರ್ವ, ಬೆಳ್ಮಣ್, ನಿಟ್ಟೆಗಳ ಮಾರ್ಗವಾಗಿ ಕಾರ್ಕಳಕ್ಕೆ ಶಿಲ್ಪಿಗಳಿಗೂ ಕೆಲಸದಾಳುಗಳಿಗೂ ಬೇಕಾದ ಸಾಮಗ್ರಿಯನ್ನು ತಲುಪಿಸುವುದು ಪಾತ್ರಗಳ ಕೆಲಸ. ಮೊದಲು ಒಣಮೀನು ಎಂದುಕೊಂಡಿದ್ದರು. ಬಸದಿಯ ಊರಿಗೆ ಒಣಮೀನಿನ ಹೊರೆಯೇ ಎಂದು ಯಾರೋ ನಕ್ಕ ಮೇಲೆ ಉಪ್ಪು ಎಂದರು. ಮಳೆಗೆ ಕರಗುವ ಉಪ್ಪನ್ನು ಆಟಿಯಲ್ಲಿ ಯಾರು ಹೊರುತ್ತಾರೆ ಎಂಬ ಪ್ರಶ್ನೆ ಎದ್ದಮೇಲೆ ಅಕ್ಕಿಯ ಮುಡಿಯಲ್ಲಿ ನಿಂತರು. ಬೈಹುಲ್ಲಿನಿಂದ ಬಿಗಿದು ಕಟ್ಟಿದ ಮುಡಿ ನಮ್ಮ ಮಳೆಗೆ ನಮ್ಮವರೇ ಕಂಡುಕೊಂಡ ಉತ್ತರವಲ್ಲವೇ?

ಇಲ್ಲಿಂದ ಮನೆಕಟ್ಟಳೆಗಳ ಸರಣಿ ಶುರುವಾಯಿತು. ಅವನ್ನೆಲ್ಲ ಬರೆದಿಟ್ಟ ನೋಟ್‌ಬುಕ್ಕನ್ನು ಸೋದರಳಿಯ ನನಗೆ ತೋರಿಸಿದ. ಮೊದಲ ಕಟ್ಟಳೆ, ಕುದುರೆಯಿಲ್ಲ. ಇದಕ್ಕೆ ಅವರು ಹಿಡಿದ ಆಧಾರ ಇಬ್ನ್ ಬತೂತಾ. 14ನೆಯ ಶತಮಾನದ ನಡುಭಾಗದಲ್ಲಿ ಗೋವೆಯಿಂದ ಕೊಲ್ಲಂವರೆಗಿನ ಕರಾವಳಿಯನ್ನು ಕಂಡ ಆ ಪ್ರವಾಸಿ ಬಾರಕೂರನ್ನೂ ಮಂಗಳೂರನ್ನೂ ಹೆಸರಿಸಿದ್ದಾನೆ. ಈ ನಾಡಿನಲ್ಲಿ ಯಾರೂ ಪ್ರಾಣಿಗಳ ಮೇಲೆ ಸವಾರಿ ಮಾಡುವುದಿಲ್ಲ, ಕುದುರೆ ಇರುವುದು ಅರಸನಿಗೆ ಮಾತ್ರ, ಸಿರಿವಂತರು ಪಲ್ಲಕ್ಕಿಯಲ್ಲಿ, ಉಳಿದವರು ಕಾಲ್ನಡೆಯಲ್ಲಿ, ಸರಕೆಲ್ಲ ಕೂಲಿಯವರ ಬೆನ್ನ ಮೇಲೆ ಎಂಬುದು ಅವನ ಬರಹದ ಸಾರ. ದಾರಿಯುದ್ದಕ್ಕೂ ಮರದ ನೆರಳು, ಅರ್ಧ ಮೈಲಿಗೊಂದರಂತೆ ಕಟ್ಟೆಯುಳ್ಳ ಮರದ ಮನೆ, ಅಲ್ಲಿ ಬಾವಿ, ನೀರು ಕೊಡಲು ಒಬ್ಬ ಕಾವಲಿನವ ಎಂದೂ ಬರೆದಿದ್ದಾನೆ. ಪುಸ್ತಕದ ಆಟದಲ್ಲಿ ಹತ್ತು ನಿಮಿಷದ ಮಾತಿಗೆ ಮುಗಿಯುತ್ತಿದ್ದ 30-35 ಕಿಲೊಮೀಟರಿನ ಪಯಣ ಇದರಿಂದಾಗಿ ಎರಡು ದಿನದ ನಡಿಗೆಯಾಯಿತು, ಒಂದೊಂದು ಸಂಕವೂ ಒಂದೊಂದು ಸಂಕಟವಾಯಿತು.

ಎರಡನೆಯದು ಆಹಾರದ ಕಟ್ಟಳೆ. ಇದು ನನಗೆ ಬಹಳ ರುಚಿಸಿತು. ಪೋರ್ಚುಗೀಸರು ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ, ಗೇರು, ಪಪ್ಪಾಯಿ, ಅನಾನಸು ಎಲ್ಲ ಅಮೆರಿಕ ಖಂಡದಿಂದ ನಮ್ಮ ದಡ ಸೇರಿದ್ದು ಆಮೇಲೆ. 1431ರ ಕಾಪುವಿನಲ್ಲಿ ಕೆಂಪು ಮೆಣಸಿನ ಗಸಿಯಿಲ್ಲ. ಉಡುಪಿಯಲ್ಲಿ ಆಲೂಗಡ್ಡೆಯ ಪಲ್ಯವಿಟ್ಟ ಮಸಾಲೆದೋಸೆಯ ಸುಳಿವೂ ಇಲ್ಲ. ಖಾರ ಬೇಕಾದವನು ಕಾಳುಮೆಣಸನ್ನು ಅರೆಯಬೇಕು. ಚಾತುರ್ಮಾಸ್ಯದ ವ್ರತದಡುಗೆಯಲ್ಲಿ ಇಂದಿಗೂ ಮೆಣಸಿನಕಾಯಿಯನ್ನು ದೂರವಿಟ್ಟು ಕಾಳುಮೆಣಸನ್ನು ಬಳಸುವವರಿದ್ದಾರೆ. ಮಡಿಯ ಅಡುಗೆಮನೆ ಕೆಲವೊಮ್ಮೆ ಇತಿಹಾಸದ ಪುಸ್ತಕಕ್ಕಿಂತ ಹೆಚ್ಚು ನೆನಪಿಟ್ಟುಕೊಂಡಿರುತ್ತದೆ. ಕಾಪುವಿನ ದೀಪಸ್ತಂಭಕ್ಕೂ ಇದೇ ಗತಿಯಾಯಿತು. ಅದನ್ನು ಹತ್ತಿ ಹಡಗುಗಳನ್ನು ನೋಡುತ್ತೇನೆ ಎಂದವನಿಗೆ, ಅದು 1901ರದ್ದು ಎಂದು ಉಳಿದವರು ತಡೆದರು.

ಭಾರದ ಕಟ್ಟಳೆ ಮಾತ್ರ ಬಾಳಲಿಲ್ಲ. ಪುಸ್ತಕದ ಲೆಕ್ಕದಲ್ಲಿ, ತಕ್ಕಮಟ್ಟಿಗೆ ಗಟ್ಟಿಮುಟ್ಟಾದ ಪಾತ್ರವೊಂದು 225 ಪೌಂಡು, ಎಂದರೆ 100 ಕಿಲೊಗಿಂತ ಹೆಚ್ಚು ಹೊತ್ತು ಯಾವ ಅಡ್ಡಿಯೂ ಇಲ್ಲದೆ ನಡೆಯಬಲ್ಲದು. ಮುಡಿಗೆ 42 ಸೇರು. 40 ಕಿಲೊ ಆಸುಪಾಸಿನ ಭಾರ. ಎರಡೂವರೆ ಮುಡಿಯನ್ನು ತಲೆಯ ಮೇಲಿಟ್ಟುಕೊಂಡು ಮಳೆಯಲ್ಲಿ ಗದ್ದೆಯ ಹುಣಿಯ ಮೇಲೆ ನಡೆಯುವ ವೀರನನ್ನು ಕಾರ್ಕಳ ತಾಲ್ಲೂಕಿನಲ್ಲಿ ನಾನಂತೂ ಕಂಡವನಲ್ಲ. ಒಬ್ಬನಿಗೆ ಒಂದೇ ಮುಡಿ ಎಂದು ಇವರು ಗೊತ್ತುಮಾಡಿಕೊಂಡದ್ದು ಸರಿಯೇ. ಆದರೆ ಅಲ್ಲಿಗೆ ನಿಲ್ಲದೆ ಬಾಣಕ್ಕೆ ಇಷ್ಟು ತೊಲ, ನೆನೆದ ಕಂಬಳಿಗೆ ಇಷ್ಟು ಎಂದು ಕೂಡಿಸುತ್ತ ಕುಳಿತರು. ಮೂರನೆಯ ಭಾನುವಾರದ ಹೊತ್ತಿಗೆ ಆಟವಾಡುವವರ ಬದಲು ರೇಷನ್ ಅಂಗಡಿಯ ಲೆಕ್ಕಿಗರಂತೆ ಕಾಣತೊಡಗಿದರಂತೆ. ಆ ಪುಟವನ್ನು ನೋಟ್‌ಬುಕ್ಕಿನಲ್ಲಿ ಅಡ್ಡಗೆರೆ ಎಳೆದು ಹೊಡೆದುಹಾಕಿದ್ದಾರೆ. ಪ್ರಷ್ಯಾದ ಕೋಷ್ಟಕಗಳ ಗತಿಯೇ ಇದಕ್ಕೂ ಆಯಿತು.

ಮುಂದಿನ ಪುಟದಲ್ಲಿದ್ದದ್ದು ಬೀಳುವಿಕೆಯ ಕಟ್ಟಳೆ. ಅದನ್ನು ಬರೆದವನು ಆ ಗುಂಪಿನಲ್ಲಿದ್ದ ಒಬ್ಬನೇ ವೈದ್ಯಕೀಯ ವಿದ್ಯಾರ್ಥಿ. ಇಂಟರ್ನ್‌ಶಿಪ್ ಆರಂಭಿಸಿ ಕೆಲವೇ ವಾರಗಳಾಗಿದ್ದವು. ಮೂಲನಿಯಮದಂತೆ 10 ಅಡಿಗೆ ಒಂದರಂತೆ ಆರು ಮುಖದ ದಾಳಗಳನ್ನು ಉರುಳಿಸಿ, ಬಂದಷ್ಟು ಅಂಕ ಕಳೆಯಬೇಕು. 30 ಅಡಿಯಿಂದ ಬಿದ್ದರೆ ಸರಾಸರಿ ಹತ್ತು ಹತ್ತೂವರೆ. ನಾಲ್ಕಾರು ತಿಂಗಳು ಆಡಿದ ಪಾತ್ರದಲ್ಲಿ 40ಕ್ಕೂ ಹೆಚ್ಚು ಅಂಕ ಇರುತ್ತದೆ; ಮೂರು ದಾಳಗಳಲ್ಲಿ ಹೆಚ್ಚೆಂದರೆ 18 ಬಂದೀತು. ಎಂದರೆ ಅವನು ತೆಂಗಿನ ಮರದಿಂದ ಬಿದ್ದು ಸಾಯುವುದು ಸಾಧ್ಯವೇ ಇಲ್ಲ. ಮೈ ಕೊಡವಿ ಏಳುತ್ತಾನೆ, ರಾತ್ರಿ ಮಲಗಿ ಬೆಳಿಗ್ಗೆ ಪೂರ್ತಿ ನೆಟ್ಟಗಾಗುತ್ತಾನೆ. ಅಡಕೆಯ ಮರ, ತೆಂಗಿನ ಮರಗಳಿಂದ ಜಾರಿ ಬಿದ್ದವರು ಒಬ್ಬರಾದರೂ ಇರದ ಊರು ನಮ್ಮ ಎರಡು ಜಿಲ್ಲೆಗಳಲ್ಲಿ ಇರಲಾರದು. ಹಾಗೆ ಬಿದ್ದವರೊಬ್ಬರನ್ನು ಆ ಹುಡುಗ ಮೊದಲ ವಾರದಲ್ಲೇ ಹತ್ತಿರದಿಂದ ಕಂಡಿದ್ದ. ವಿವರವನ್ನು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಭಾನುವಾರ ಬಂದವನೇ ನೋಟ್‌ಬುಕ್ಕು ತೆಗೆದುಕೊಂಡು ಬರೆದನಂತೆ.

20 ಅಡಿಗಿಂತ ಮೇಲಿನಿಂದ ಬಿದ್ದವನು ಎಂಥ ಪರಾಕ್ರಮಿಯೇ ಆಗಿರಲಿ, 20 ಮುಖದ ದಾಳವನ್ನು ಉರುಳಿಸಬೇಕು. 5 ಅಥವಾ ಅದಕ್ಕಿಂತ ಕಡಿಮೆ ಬಂದರೆ ಸಾವು. 6ರಿಂದ 12 ಬಂದರೆ ಬೆನ್ನುಮೂಳೆಗೆ ಏಟು. 18ರವರೆಗೆ ಬಂದರೆ ಕೈಯೋ ಕಾಲೋ ಮುರಿದು ಆರು ವಾರ ಮಲಗಬೇಕು. ಉಳಿದೆರಡು ಅಂಕ ದೇವರ ದಯೆಗೆ. ಬೆನ್ನಿಗೆ ಏಟು ಬಿದ್ದವನನ್ನು ಅಲುಗಾಡಿಸದೆ ಹಲಗೆಯ ಮೇಲೆ ಮಲಗಿಸಿ ಒಯ್ದರೆ ಮತ್ತೊಮ್ಮೆ ದಾಳ ಉರುಳಿಸುವ ಅವಕಾಶ. ಕೈಕಾಲು ಹಿಡಿದು ಎತ್ತಿದರೆ ಅದೂ ಇಲ್ಲ, ಇನ್ನು ನಡೆಯಲಾರ. ಈ ಅಂಕಗಳು ಯಾವ ಸಂಶೋಧನೆಯಿಂದಲೂ ಬಂದವಲ್ಲ, ಅವನ ಮನಸ್ಸಿಗೆ ತೋಚಿದವು ಎಂಬುದನ್ನು ಅವನೇ ಹೇಳಿದ. ಗೆಳೆಯರಲ್ಲಿ ಇಬ್ಬರು ವಿರೋಧಿಸಿದರು. ವಾರವಿಡೀ ಪರೀಕ್ಷೆ, ಹಾಜರಾತಿ, ಮನೆಯ ಚಿಂತೆ. ಇಲ್ಲಿಯಾದರೂ ಬಿದ್ದವನು ಏಳಬಾರದೇ ಎಂಬುದು ಅವರ ವಾದ. ಅದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆಟವಾಡಲು ಬಂದವರಿಗೆಲ್ಲ ಆಸ್ಪತ್ರೆಯ ವಾರ್ಡನ್ನು ತೋರಿಸಲೇಬೇಕೆಂಬ ಹಟ ಕೆಟ್ಟ ನಾಟಕಕಾರನ ಹಟದಂತೆ. ಆದರೂ ಕಟ್ಟಳೆ ಬಹುಮತದಿಂದ ಉಳಿಯಿತು.

ಇಲ್ಲಿ ತಾಳಮದ್ದಳೆಯ ಮಾತು ಬರಬೇಕು. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ದೀಪಾವಳಿಯವರೆಗಿನ ಮಳೆಗಾಲ ನಮ್ಮಲ್ಲಿ ಅರ್ಥಧಾರಿಗಳದ್ದು. ಬಿಳಿ ಪಂಚೆ, ಹೆಗಲ ಮೇಲೊಂದು ಶಾಲು. ಎದುರುಬದುರು ಕುಳಿತು ಒಬ್ಬರು ವಾಲಿ, ಒಬ್ಬರು ರಾಮ. ಭಾಗವತರು ಪದ ಹೇಳಿ ನಿಲ್ಲಿಸಿದ ಮೇಲೆ ಬರೆದಿಟ್ಟ ಮಾತು ಒಂದೂ ಇಲ್ಲ. ಕತೆಯ ತುದಿ ಮಾತ್ರ ಬದಲಾಗುವಂತಿಲ್ಲ: ಎಷ್ಟೇ ಚೆನ್ನಾಗಿ ವಾದಿಸಿದರೂ ವಾಲಿ ಸಾಯಲೇಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರು (1918-2006) ವಾಲಿಯಾಗಿ ಕುಳಿತ ಕೂಟಗಳಿಗೆ ಜನ ಮಳೆಯನ್ನು ಲೆಕ್ಕಿಸದೆ ಬರುತ್ತಿದ್ದರು. ಸಾಯುವುದು ಖಚಿತವಾದವನು ಏನನ್ನು ಕೇಳುತ್ತಾನೆ ಎಂಬ ಕುತೂಹಲದಿಂದ. ಮರದ ಮರೆಯಲ್ಲಿ ನಿಂತು ಏಕೆ ಹೊಡೆದೆ ಎಂದು ವಾಲಿ ಕೇಳುತ್ತಾನೆ. ಅರ್ಥಧಾರಿಗೆ ಉತ್ತರ ಗೊತ್ತು, ಮುಂದಿನದೂ ಗೊತ್ತು. ವಾಲಿಗೆ ಗೊತ್ತಿಲ್ಲ. ರಾಮನ ಅರ್ಥ ಹೇಳುವವರಿಗೂ ಅದೇ ಇಕ್ಕಟ್ಟು. ನಾನು ವಿಷ್ಣುವಿನ ಅವತಾರ, ಎಲ್ಲ ಬಲ್ಲವನು ಎಂದುಬಿಟ್ಟರೆ ಅಲ್ಲಿಗೆ ಪ್ರಶ್ನೆ ಸತ್ತಿತು. ಮನುಷ್ಯನಾಗಿ ಹುಟ್ಟಿದ ರಾಮ ಮನುಷ್ಯನಾಗಿಯೇ ಉತ್ತರಿಸಬೇಕು ಎಂದು ಪಟ್ಟು ಹಿಡಿಯುವ ಕೇಳುಗರ ಪೈಕಿ ನಾನೂ ಒಬ್ಬ. ಅಲ್ಲವೆನ್ನುವವರೂ ಇದ್ದಾರೆ, ಚಹಾದ ಹೊತ್ತಿನಲ್ಲಿ ಅವರೊಡನೆ ವಾದ ಮುಂದುವರಿಯುತ್ತದೆ. 'ಭೀಷ್ಮ ವಿಜಯ'ದ ಭೀಷ್ಮನು ಶರಶಯ್ಯೆಯ ಮಾತೆತ್ತಿದರೆ ಸಭೆಯಲ್ಲಿ ಗುಸುಗುಸು ಏಳುತ್ತದೆ. ಹುಟ್ಟಿನ ಗುಟ್ಟು ತಿಳಿಯದ ಘಟ್ಟದಲ್ಲಿ ಕರ್ಣನು ಪಾಂಡವರ ಬಗ್ಗೆ ಕರಗಿ ನುಡಿದರೆ ಎದುರಿನ ಅರ್ಥಧಾರಿಯೇ ತಡೆಯುತ್ತಾನೆ. ಹಾಸ್ಯಪಾತ್ರಕ್ಕೆ ಅಷ್ಟಿಷ್ಟು ರಿಯಾಯಿತಿ ಉಂಟು, ಉಳಿದವರಿಗಿಲ್ಲ.

ಬಾಣಗಳ ತೂಕವಾಗಲೀ ಗಾಯದ ಆಳವಾಗಲೀ ತಾಳಮದ್ದಳೆಯಲ್ಲಿ ಯಾರಿಗೂ ಬೇಕಿಲ್ಲ. ಅಲ್ಲಿನ ಒಂದೇ ಬಿಗಿಯಾದ ಕಟ್ಟಳೆ ಅರಿವಿನದು: ಪಾತ್ರಕ್ಕೆ ತಿಳಿಯದ್ದನ್ನು ಪಾತ್ರಧಾರಿ ಮರೆತಿರಬೇಕು. ಮೇಜಿನ ಆಟಕ್ಕೆ ನಿಜದ ಸೊಗಡು ಬೇಕೆನ್ನುವವರು ಮೊದಲು ಹೊಕ್ಕು ನೋಡಬೇಕಾದ ಜಾಗ ಇದೆಂದು ಸೋದರಳಿಯನಿಗೆ ನಾನು ಹಲವು ಬಾರಿ ಹೇಳಿದ್ದೆ. ಅವನು ಹೂಂಗುಟ್ಟಿ ಕುದುರೆ, ಮೆಣಸಿನಕಾಯಿಗಳ ಕಡೆಗೆ ಮಾತು ತಿರುಗಿಸುತ್ತಿದ್ದ.

ಜುಲೈಯ ಒಂದು ಭಾನುವಾರ ನಾನೂ ಅಲ್ಲಿ ಕುಳಿತಿದ್ದೆ. ಮುಡಿ ಹೊತ್ತ ತಂಡ ಶಿರ್ವವನ್ನು ದಾಟಿ ಬೆಳ್ಮಣ್ಣಿನ ಕಡೆ ನಡೆದಿತ್ತು. ಮುಂದೆ ಹೊಳೆ ಎಷ್ಟು ಏರಿದೆ ಎಂದು ನೋಡಲು ಮೂರ್ತೆಯ ಕೆಲಸದ ಪಾತ್ರವೊಂದು ತೆಂಗಿನ ಮರ ಏರಿತು. ಆ ಪಾತ್ರ ವಹಿಸಿದ್ದವಳು ವಾಸ್ತುಶಿಲ್ಪ ಓದುವ ಹುಡುಗಿ. ಎರಡು ವರ್ಷಗಳಿಂದ ಅವಳು ಆಡಿಕೊಂಡು ಬಂದ ಪಾತ್ರ ಅದು. ಮರ ನೆನೆದಿತ್ತು. ದಾಳದಲ್ಲಿ 2 ಬಂತು; ಜಾರಿತು. 40 ಅಡಿ. ಮತ್ತೆ ದಾಳ. 9.

ಬೆನ್ನುಮೂಳೆ.

ಪುಸ್ತಕದ ಲೆಕ್ಕವನ್ನು ಯಾರೂ ಎತ್ತಲಿಲ್ಲ. ಕಟ್ಟಳೆ ಬರೆದ ಹುಡುಗನ ಪಾತ್ರ ಕಾಪುವಿನ ಒಬ್ಬ ಹೊರೆಯಾಳು. ಅವನೇ ಮೊದಲು ಬಾಯಿ ತೆರೆದ: "ಯಾರೂ ಮುಟ್ಟಬೇಡಿ, ಒಂದು ಹಲಗೆ..." ನಿರ್ವಾಹಕನ ಜಾಗದಲ್ಲಿದ್ದ ಸೋದರಳಿಯ ತಡೆದು ಕೇಳಿದ: "ಇದು ನೀನು ಹೇಳ್ತಿರೋದಾ, ಅವನು ಹೇಳ್ತಿರೋದಾ?"

ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಹೊರಗೆ ಮಳೆ ಶೀಟಿನ ಮೇಲೆ ಬೀಳುತ್ತಿತ್ತು. ತಾನು ಓದಿದ್ದು, ಕಂಡದ್ದು, ವಾರದ ಹಿಂದೆ ತಾನೇ ಕೈಯಾರೆ ಬರೆದದ್ದು ಎಲ್ಲವೂ ಅವನಿಗೆ ಗೊತ್ತು. ಹೊರೆಯಾಳಿಗೆ ಗೊತ್ತಿರುವುದು ಹೊಳೆ ಏರುತ್ತಿದೆ ಎಂಬುದು. ಕೊನೆಗೆ ಹೊರೆಯಾಳಿನ ದನಿಯಲ್ಲಿ ಹೇಳಿದ: "ನೀರು ಏರುವ ಮೊದಲು ದಾಟಬೇಕು. ನೀನು ಕಾಲು ಹಿಡಿ, ನಾನು ತೋಳು ಹಿಡಿಯುತ್ತೇನೆ." ಅಪಘಾತವಾದ ಜಾಗದಲ್ಲಿ ಇಂದಿಗೂ ನಮ್ಮ ಜನ ಒಳ್ಳೆಯ ಮನಸ್ಸಿನಿಂದಲೇ ಮಾಡುವುದು ಇದನ್ನೇ.

ಹುಡುಗಿ ಸಿಟ್ಟಾದಳು. ಗೊತ್ತಿದ್ದವನು ಗೊತ್ತಿದ್ದೂ ಎತ್ತಿದ ಎಂಬುದು ಅವಳ ನೋವು. ಮತ್ತೊಬ್ಬ ಎತ್ತಿದ ಆಕ್ಷೇಪ ಹೆಚ್ಚು ಗಟ್ಟಿಯಾಗಿತ್ತು. ಹಿಂದಿನವರೆಲ್ಲ ಏನೂ ತಿಳಿಯದವರು ಎಂದು ಭಾವಿಸುವುದು ಯಾವ ಸೀಮೆಯ ವಾಸ್ತವ? ಮೂಳೆ ಕಟ್ಟುವ ನಾಟಿ ವೈದ್ಯರು ಊರೂರಿನಲ್ಲಿದ್ದರು, ಗರಡಿಯಲ್ಲಿ ಪಳಗಿದವರಿಗೆ ಕೀಲು ಸಂದುಗಳ ಪರಿಚಯವಿತ್ತು. ಬದುಕಿಡೀ ಬೆನ್ನ ಮೇಲೆ ಹೊತ್ತವನಿಗೆ ಬೆನ್ನಿನ ಬಗ್ಗೆ ಏನೂ ತಿಳಿದಿರಲಿಲ್ಲವೆಂದು ನಾವು ಏಕೆ ತೀರ್ಮಾನಿಸಬೇಕು? ಈ ಮಾತು ನನಗೆ ನಾಟಿತು. ಅರಿವನ್ನು ಬಿಟ್ಟುಕೊಡುವುದು ಒಂದು, ಹಳಬರನ್ನು ಮೂಢರೆಂದು ಆಡುವುದು ಇನ್ನೊಂದು. ಎರಡನೆಯದು ಚರಿತ್ರೆಗೆ ಮಾಡುವ ಅವಮಾನ.

"ಮಾವ, ತಾಳಮದ್ದಳೆಯಲ್ಲಿ ಇಂಥದ್ದು ಬಂದರೆ ಏನು ಮಾಡ್ತಾರೆ?" ಎಂದು ಸೋದರಳಿಯ ಆಗ ಕೇಳಿದ.

ಪೀಠಿಕೆಯನ್ನು ನೋಡುತ್ತಾರೆ ಎಂದೆ. ಅರ್ಥಧಾರಿ ಮೊದಲ ಪದಕ್ಕೆ ಬಾಯಿ ತೆರೆದಾಗ ತಾನು ಯಾರು, ಎಲ್ಲಿಂದ ಬಂದವನು, ಏನನ್ನು ಕಂಡುಂಡವನು ಎಂದು ಪಾತ್ರವನ್ನು ಕಟ್ಟುತ್ತಾನೆ. ಅಲ್ಲಿ ಇಟ್ಟುಕೊಂಡದ್ದು ಮುಂದೆ ಅವನ ಬಂಡವಾಳ. ಇಟ್ಟುಕೊಳ್ಳದ್ದನ್ನು ನಡುವೆ ಒಮ್ಮೆಲೇ ತೆಗೆಯಹೋದರೆ ಎದುರಿನವನು, ಇದು ನಿನಗೆ ಯಾವಾಗ ತಿಳಿಯಿತು ಎಂದು ಕೇಳದೆ ಬಿಡುವುದಿಲ್ಲ. ಹೊರೆಯಾಳು ತನ್ನ ತಂದೆಯ ಬೆನ್ನು ಮುರಿದದ್ದನ್ನು ಕಂಡಿದ್ದೇನೆ ಎಂದು ಎರಡು ವರ್ಷಗಳಲ್ಲಿ ಒಮ್ಮೆ ಹೇಳಿದ್ದರೂ ಅಂದು ಹಲಗೆ ತರಿಸಬಹುದಿತ್ತು. ಹೇಳಿರಲಿಲ್ಲ. ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, ಹಾಗಿದ್ದರೆ ಎತ್ತಿದ್ದು ಸರಿ ಎಂದಳು. ಸಮಾಧಾನದಿಂದ ಅಂದದ್ದಲ್ಲ, ಆದರೂ ಅಂದಳು.

ಅಂದೇ ನೋಟ್‌ಬುಕ್ಕಿಗೆ ಹೊಸ ಕಟ್ಟಳೆಯೊಂದು ಸೇರಿತು. ಪ್ರತಿಯೊಬ್ಬರೂ ತಮ್ಮ ಪಾತ್ರಕ್ಕೆ ಒಂದು ಪುಟದ ಪೀಠಿಕೆ ಬರೆಯಬೇಕು: ಕಸುಬಿನಿಂದ ಬಲ್ಲ ಮೂರು ವಿಷಯ, ಮನೆಯಲ್ಲಿ ಕಂಡ ಒಂದು ಸಾವು ಅಥವಾ ಕಾಯಿಲೆ, ಎಂದೂ ನೋಡಿರದ ಊರುಗಳು. ಅದರಾಚೆಯದು ಗೊತ್ತಿರಬೇಕಾದರೆ ಆಟದೊಳಗೇ ಯಾರಿಂದಾದರೂ ಕೇಳಿ ಕಲಿಯಬೇಕು. ಇದರಿಂದ ಆಟ ನಿಧಾನವಾಗಿದೆ ಎಂಬ ದೂರು ಇದೆ. ಹೊರೆಯಾಳು ಈಗ ದಾರಿಯಲ್ಲಿ ಸಿಕ್ಕ ಮುದುಕರನ್ನೆಲ್ಲ ನಿಲ್ಲಿಸಿ ಮಾತನಾಡಿಸುತ್ತಾನಂತೆ. ಬೀಳುವಿಕೆಯ ಕಟ್ಟಳೆಯನ್ನು ತೆಗೆದುಹಾಕೋಣ ಎಂದು ಅದನ್ನು ಬರೆದ ಹುಡುಗನೇ ಮುಂದಿನ ವಾರ ಸೂಚಿಸಿದ್ದ. ಬೇಡ ಎಂದವಳು ಆ ಹುಡುಗಿ.

ಬಿದ್ದವನನ್ನು ಕಾರ್ಕಳದ ಕಡೆ ಒಯ್ಯುವುದಕ್ಕೆ ಅವರಿಗೆ ಮೂರು ಭಾನುವಾರ ಹಿಡಿಯಿತು. ಕುದುರೆಯಿಲ್ಲ, ಗಾಡಿಯಿಲ್ಲ, ಬಿದಿರಿನ ಗಳಕ್ಕೆ ಪಂಚೆ ಕಟ್ಟಿ ಜೋಲಿ ಮಾಡಿದರು. ರಸ್ತೆ ಕಾಣದ ಘಟ್ಟದ ತಪ್ಪಲಿನಲ್ಲಿ ಮಳೆಗಾಲದ ರೋಗಿಗಳನ್ನು ಹೀಗೆ ಹೊತ್ತು ತರುವ ಚಿತ್ರ ಇಂದಿಗೂ ಪತ್ರಿಕೆಗಳಲ್ಲಿ ಬರುತ್ತಿರುತ್ತದೆ. ಜೋಲಿಗೆ ಹೆಗಲು ಕೊಟ್ಟವರು ಮುಡಿ ಹೊರಲಾರರು. ಅಕ್ಕಿಯನ್ನೋ ಅವನನ್ನೋ ಯಾವುದನ್ನು ಬಿಡುವುದು ಎಂಬ ಮಾತು ಮೇಜಿನ ಮೇಲೆ ಗಂಭೀರವಾಗಿಯೇ ನಡೆಯಿತು. ಒಬ್ಬ ಅಕ್ಕಿಯ ಪರವಾಗಿ ವಾದಿಸಿದ, ಬೆಟ್ಟದಲ್ಲಿ ಹಸಿದಿರುವವರ ಲೆಕ್ಕ ಕೊಟ್ಟ. ಎರಡು ಮುಡಿಯನ್ನು ಬೆಳ್ಮಣ್ಣಿನಲ್ಲಿ ಬಿಟ್ಟರು. ಒಂದೇ ರಾತ್ರಿಯಲ್ಲಿ ಗಾಯ ಮಾಯುವ ಆಟದಲ್ಲಿ ಈ ವಾದ ಹುಟ್ಟುವ ಸಂಭವವೇ ಇರಲಿಲ್ಲ. ಮುಡಿಯ ಭಾರವೂ ಆ ಮೂರು ವಾರಗಳಲ್ಲಿ, ಯಾರೂ ಕೂಡಿ ಕಳೆಯದಿದ್ದರೂ, ಎಲ್ಲರಿಗೂ ತಿಳಿದಿತ್ತು.

ಹುಡುಗಿ ಹೊಸ ಪಾತ್ರವನ್ನು ತೆಗೆದುಕೊಳ್ಳಲಿಲ್ಲ. ಮರ ಏರುತ್ತಿದ್ದವನು ಈಗ ನಿಟ್ಟೆಯ ಬಳಿ, ಇಬ್ನ್ ಬತೂತಾ ಕಂಡಂಥ ದಾರಿಬದಿಯ ಮರದ ಮನೆಯೊಂದರಲ್ಲಿ ಕುಳಿತು ದಾರಿಹೋಕರಿಗೆ ನೀರು ಕೊಡುತ್ತಾನೆ. ಹೋಗಿಬರುವವರ ಸುದ್ದಿಯೆಲ್ಲ ಅವನಿಗೆ ಗೊತ್ತು. ತಂಡ ಪ್ರತಿ ಸಲವೂ ಅಲ್ಲಿ ನಿಂತು ಕೇಳಿಕೊಂಡೇ ಮುಂದೆ ಹೋಗಬೇಕು. ಆಟದ ಪಂಚಾಂಗದಲ್ಲಿ ಬಾಹುಬಲಿಯ ಪ್ರತಿಷ್ಠೆಗೆ ಇನ್ನು ಮೂರು ತಿಂಗಳಿದೆ. ಆ ದಿನ ಅವನನ್ನು ಬೆಟ್ಟದ ಮೇಲಕ್ಕೆ ಯಾರು ಹೊರುವುದು, ಜೋಲಿಯಲ್ಲೋ ಹಲಗೆಯ ಮೇಲೋ ಎಂಬ ಚರ್ಚೆ ಈಗಲೇ ನಡೆದಿದೆ.